ಒಂದೇ ಒಂದು ಬಾಸ್ ದನಿ: ಆರ್ಗನಿಸ್ಟ್ ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿಯ ಪ್ರಕರಣ

ಇಂಗ್ಲೆಂಡಿನ ಹೆರೆಫರ್ಡ್ ಕೆಥೆಡ್ರಲ್, ಅಂದರೆ ಬಿಷಪ್ಪರ ಪೀಠವಿರುವ ದೊಡ್ಡ ಚರ್ಚು. 1830ರ ದಶಕದ ಮೊದಲ ವರ್ಷಗಳ ಒಂದು ಈಸ್ಟರ್ ಭಾನುವಾರ. ಕ್ರೈಸ್ತರಿಗೆ ವರ್ಷದಲ್ಲೇ ದೊಡ್ಡ ಹಬ್ಬ. ಕೊಳವೆಗಳಲ್ಲಿ ಗಾಳಿ ಹರಿಸಿ ನುಡಿಸುವ ದೊಡ್ಡ ವಾದ್ಯ ಆರ್ಗನ್. ಅದರ ಮುಂದೆ ಕೂತಿದ್ದವನು ಸ್ಯಾಮ್ಯುಯೆಲ್ ಸೆಬಾಸ್ಟಿಯನ್ ವೆಸ್ಲಿ, ಇಪ್ಪತ್ತು ದಾಟಿದ ಹುಡುಗ. ಹಾಡಲು ಇದ್ದವರು ಎಳೆ ದನಿಯ ಹುಡುಗರು, ಜೊತೆಗೆ ದಪ್ಪ ದನಿಯ ಒಬ್ಬನೇ ಒಬ್ಬ ಗಂಡಸು. ಅವನು ಡೀನ್, ಅಂದರೆ ಕೆಥೆಡ್ರಲ್‌ನ ಮುಖ್ಯ ಪಾದ್ರಿಯ, ಮನೆಯ ಬಟ್ಲರ್ ಅಂತ ಹೇಳಿಕೆ ಇದೆ. ಮೇಲಿನಿಂದ ಕೆಳಕ್ಕೆ ಟ್ರೆಬಲ್, ಆಲ್ಟೊ, ಟೆನರ್, ಬಾಸ್ ಅಂತ ನಾಲ್ಕು ಬಗೆಯ ದನಿ ಇರಬೇಕಾದ ಜಾಗದಲ್ಲಿ ಮೇಲಿನದೊಂದು, ಕೆಳಗಿನದೊಂದು. ನಡುವೆ ಪೂರ್ತಿ ಖಾಲಿ.

ಗಂಡಸರೆಲ್ಲ ಎಲ್ಲಿ ಹೋಗಿದ್ದರು? ಇಡೀ ಪ್ರಕರಣ ಈ ಪ್ರಶ್ನೆಯಲ್ಲೇ ಇದೆ. ಹೆರೆಫರ್ಡ್‌ನಲ್ಲಿ ಹಾಡುವ ಕೆಲಸ ವಿಕಾರ್ಸ್ ಕೋರಲ್ ಅನ್ನುವ ಗುಂಪಿಗೆ ಸೇರಿತ್ತು. ಅವರು ಬರೀ ಹಾಡುಗಾರರಲ್ಲ, ದೀಕ್ಷೆ ಪಡೆದ ಪಾದ್ರಿಗಳು. ಕೆಥೆಡ್ರಲ್‌ನಿಂದ ಬರುವ ಆದಾಯದ ಜೊತೆಗೆ ಸುತ್ತಲಿನ ಹಳ್ಳಿ ಚರ್ಚುಗಳ ಹೊಣೆಯನ್ನೂ ಹೊತ್ತಿರುತ್ತಿದ್ದರು. ಅಲ್ಲಿಂದಲೂ ಆದಾಯ ಬರುತ್ತಿತ್ತು. ಭಾನುವಾರ ಬಂತೆಂದರೆ ಅವರವರ ಹಳ್ಳಿಯ ಆರಾಧನೆಯನ್ನು ಅವರೇ ನಡೆಸಬೇಕು. ಹಬ್ಬದ ದಿನವಂತೂ ತಪ್ಪಿಸುವಂತೆಯೇ ಇಲ್ಲ. ಹಾಗಾಗಿ ಕೆಥೆಡ್ರಲ್‌ಗೆ ಹಾಡು ಜಾಸ್ತಿ ಬೇಕಾದ ದಿನವೇ ಹಾಡುವವರು ಇರುತ್ತಿರಲಿಲ್ಲ. ಇದರಲ್ಲಿ ಯಾರದೋ ಒಬ್ಬರ ಸೋಮಾರಿತನ ಹುಡುಕಿ ಪ್ರಯೋಜನವಿಲ್ಲ. ಏರ್ಪಾಡೇ ಹಾಗಿತ್ತು. ಅವರದು ಜೀವಮಾನದ ಹುದ್ದೆ. ಆರ್ಗನಿಸ್ಟ್ ಅವರನ್ನು ಕರೆಸುವಂತಿಲ್ಲ, ಬಿಡಿಸುವಂತಿಲ್ಲ. ಸಂಗೀತ ಕೆಟ್ಟರೆ ಮಾತ್ರ ಹೆಸರು ಕೆಡುವುದು ಆರ್ಗನಿಸ್ಟ್‌ದು.

ವೆಸ್ಲಿ ಆ ದಿನಕ್ಕಾಗಿ ಬರೆದದ್ದು 'ಬ್ಲೆಸ್ಡ್ ಬಿ ದ ಗಾಡ್ ಅಂಡ್ ಫಾದರ್' ಅನ್ನುವ ಆಂಥೆಮ್. ಆಂಥೆಮ್ ಅಂದರೆ ಆರಾಧನೆಯ ನಡುವೆ ಕ್ವಾಯರ್, ಅಂದರೆ ಚರ್ಚಿನ ಹಾಡುವ ತಂಡ, ಹಾಡುವ ದೊಡ್ಡ ಕೃತಿ. ಸಾಹಿತ್ಯ ಬೈಬಲ್‌ನ ಪೇತ್ರನ ಮೊದಲನೇ ಪತ್ರದ್ದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶುರುವಿನಲ್ಲಿ ದೇವರ ಸ್ತುತಿ, ಆತುರವೇ ಇಲ್ಲದೆ. ಆಮೇಲೆ ಗಂಡು ದನಿ ಒಂದೇ ಎಳೆಯಲ್ಲಿ, ಹೆಚ್ಚುಕಡಿಮೆ ಪಾಠ ಓದಿದ ಹಾಗೆ ಸಾಲುಗಳನ್ನು ಹೇಳುತ್ತದೆ. ನಡುವೆ ಒಬ್ಬ ಹುಡುಗ ಒಂಟಿಯಾಗಿ, ಶುದ್ಧ ಮನಸ್ಸಿನಿಂದ ಒಬ್ಬರನ್ನೊಬ್ಬರು ಪ್ರೀತಿಸಿ ಅನ್ನುವ ಮಾತನ್ನು ಹಾಡುತ್ತಾನೆ. ಉಳಿದ ಹುಡುಗರು ಅವನಿಗೆ ಮಾರುತ್ತರ ಕೊಡುತ್ತಾರೆ. ಮತ್ತೆ ಗಂಡು ದನಿ, ಈಗ ತಗ್ಗಿ. ಮನುಷ್ಯರೆಲ್ಲ ಹುಲ್ಲಿನ ಹಾಗೆ, ಹುಲ್ಲು ಒಣಗುತ್ತದೆ, ಹೂವು ಉದುರುತ್ತದೆ. ದನಿ ಇಳಿದು ಇಳಿದು ಇನ್ನೇನು ನಿಂತೇಹೋಯಿತು ಅನ್ನುವಾಗ ಆರ್ಗನ್ ಒಮ್ಮೆಲೇ ಭೋರ್ಗರೆಯುತ್ತದೆ. ಒಂದೇ ಒಂದು ಕಾರ್ಡ್, ಅಂದರೆ ಹಲವು ಸ್ವರ ಒಟ್ಟಿಗೆ, ಪೂರ್ತಿ ಜೋರಾಗಿ. ಅದರ ಬೆನ್ನಿಗೇ, ಆದರೆ ದೇವರ ಮಾತು ಎಂದೆಂದಿಗೂ ಉಳಿಯುತ್ತದೆ ಅಂತ ಎಲ್ಲರೂ ಸೇರಿ ಹಾಡುತ್ತಾರೆ. ಮೊದಲ ಸಲ ಕೇಳುವವರು ಅಲ್ಲಿ ಬೆಚ್ಚಿಬೀಳುತ್ತಾರೆ. ಎಷ್ಟೋ ಸಲ ಕೇಳಿದ ಮೇಲೂ ಆ ಕಾರ್ಡ್ ಬರುವ ಮುಂಚೆ ನನ್ನ ಉಸಿರು ಬಿಗಿಯಾಗುತ್ತದೆ.

ಈಗ ಕೈಲಿದ್ದ ಸಾಮಾನು ಲೆಕ್ಕ ಹಾಕಿ. ನಡುವಿನ ದನಿ ಇಲ್ಲ, ಹಾಗಾಗಿ ಹುಡುಗರ ಹಾಡು ಮತ್ತು ಗಂಡು ದನಿಯ ಸಾಲು ಬೇರೆಬೇರೆಯಾಗಿ ಬರುತ್ತವೆ. ಒಬ್ಬನ ಕೈಲಿ ಗಟ್ಟಿಯಾಗಿ ತುಂಬಿಸಲು ಆಗುವುದಿಲ್ಲ, ಹಾಗಾಗಿ ಅವನಿಗೆ ಓದುವಂಥ ಸಾಲು. ತುಂಬಬೇಕಾದ ಜಾಗದಲ್ಲಿ ಆರ್ಗನ್ ತುಂಬುತ್ತದೆ. ಕೊರತೆಯೆಲ್ಲ ಕೃತಿಯ ಆಕಾರವೇ ಆಗಿಬಿಟ್ಟಿದೆ. 1853ರಲ್ಲಿ ವೆಸ್ಲಿ ತನ್ನ ಹನ್ನೆರಡು ಆಂಥೆಮ್‌ಗಳ ಪುಸ್ತಕದಲ್ಲಿ ಇದನ್ನು ಅಚ್ಚು ಹಾಕಿಸಿದ. ಇವತ್ತು ಇಂಗ್ಲೆಂಡಿನ ಕೆಥೆಡ್ರಲ್‌ಗಳಲ್ಲಿ ನಾಲ್ಕೂ ದನಿಗಳ ಪೂರ್ತಿ ಕ್ವಾಯರ್ ಇದನ್ನು ಹಾಡುತ್ತದೆ.

ಈ ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸಿ, ನೋಡಿ, ಕಷ್ಟದಲ್ಲೇ ಕಲೆ ಅರಳುವುದು ಅನ್ನುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಕೊರತೆ ಈ ಕೃತಿಗೆ ಆಕಾರ ಕೊಟ್ಟಿರಬಹುದು, ಆದರೆ ಅದೇ ಕೊರತೆ ಮುಂದಿನ ನಲವತ್ತು ವರ್ಷ ಆ ಮನುಷ್ಯನನ್ನು ತಿಂದುಹಾಕಿತು. ಎರಡನ್ನೂ ಒಟ್ಟಿಗೆ ನೋಡದಿದ್ದರೆ ವೆಸ್ಲಿ ಬರೀ ಸಿಡುಕು ಮೂತಿಯ ಪ್ರತಿಭಾವಂತನಾಗಿ ಉಳಿದುಬಿಡುತ್ತಾನೆ.

ಹಿನ್ನೆಲೆ ಇಷ್ಟು. ವೆಸ್ಲಿ ಹುಟ್ಟಿದ್ದು 1810ರ ಆಗಸ್ಟ್ 14ರಂದು, ಲಂಡನ್‌ನಲ್ಲಿ. ತಂದೆ ಸ್ಯಾಮ್ಯುಯೆಲ್ ವೆಸ್ಲಿ ಆ ಕಾಲದ ಹೆಸರಾಂತ ಆರ್ಗನ್ ವಾದಕ. ತಾಯಿ ಸಾರಾ ಸೂಟರ್ ಆ ಮನೆಯಲ್ಲಿ ಕೆಲಸಕ್ಕಿದ್ದವಳು. ತಂದೆ ಕಟ್ಟಿಕೊಂಡ ಹೆಂಡತಿಯನ್ನು ಬಿಟ್ಟು ಈಕೆಯ ಜೊತೆ ಸಂಸಾರ ಹೂಡಿದ್ದ. ಮದುವೆಯಾಚೆ ಹುಟ್ಟಿದ ಮಗ ಅನ್ನುವುದು ಆಗಿನ ಇಂಗ್ಲೆಂಡಿನಲ್ಲಿ, ಅದರಲ್ಲೂ ಚರ್ಚಿನ ವಲಯದಲ್ಲಿ, ಸಣ್ಣ ಮಾತಲ್ಲ. ಅಜ್ಜ ಚಾರ್ಲ್ಸ್ ವೆಸ್ಲಿ ಸಾವಿರಾರು ಭಕ್ತಿಗೀತೆ ಬರೆದವನು. ಅಜ್ಜನ ಅಣ್ಣ ಜಾನ್ ವೆಸ್ಲಿ, ಮೆಥಡಿಸ್ಟ್ ಪಂಥ ಶುರು ಮಾಡಿದವನು. ಮೈಸೂರಿನ ವೆಸ್ಲಿ ಪ್ರೆಸ್‌ನಲ್ಲಿ ಅಚ್ಚಾದ ಹಳೇ ಕನ್ನಡ ಪುಸ್ತಕ ನೋಡಿದವರಿಗೆ ಈ ಹೆಸರು ಹೊಸದಲ್ಲ. ಆ ಪ್ರೆಸ್ ನಡೆಸಿದ ಮಿಷನ್‌ಗೆ ಹೆಸರು ಬಂದದ್ದು ಜಾನ್ ವೆಸ್ಲಿಯಿಂದಲೇ. ಇನ್ನು ಹುಡುಗನ ಹೆಸರಿನಲ್ಲಿರುವ ಸೆಬಾಸ್ಟಿಯನ್? ತಂದೆಗೆ ಜರ್ಮನಿಯ ಸಂಗೀತ ರಚನಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ ಅಂದರೆ ದೇವರು. ಇಂಗ್ಲೆಂಡಿನಲ್ಲಿ ಬಾಖ್ ಸಂಗೀತ ಹರಡಲು ಓಡಾಡಿದವರಲ್ಲಿ ಅವನು ಮುಖ್ಯನು.

ಹುಡುಗ ರಾಜಮನೆತನದ ಚಾಪೆಲ್ ರಾಯಲ್‌ನಲ್ಲಿ ಹಾಡಿ ಬೆಳೆದ. ಲಂಡನ್ನಿನ ಚರ್ಚುಗಳಲ್ಲಿ ಆರ್ಗನ್ ನುಡಿಸಿದ. 1832ರಲ್ಲಿ ಹೆರೆಫರ್ಡ್‌ಗೆ ಹೊರಟ. ಆ ಊರು ವೇಲ್ಸ್ ಗಡಿಯ ಹತ್ತಿರ, ಲಂಡನ್‌ನಿಂದ ಬಲು ದೂರ. ರೈಲು ಅಲ್ಲಿಗೆ ಇನ್ನೂ ಬಂದಿರಲಿಲ್ಲ. ಕೆಥೆಡ್ರಲ್‌ನ ಆರ್ಗನ್ ಆಗಷ್ಟೇ ರಿಪೇರಿಯಾಗಿತ್ತು. ಅದನ್ನು ಮತ್ತೆ ಶುರು ಮಾಡುವ ಸಮಾರಂಭಕ್ಕೆ ವೆಸ್ಲಿ 'ದ ವಿಲ್ಡರ್‌ನೆಸ್' ಬರೆದ. ಸಾಹಿತ್ಯ ಬೈಬಲ್‌ನ ಯೆಶಾಯನ ಪುಸ್ತಕದ 35ನೇ ಅಧ್ಯಾಯದ್ದು. ಮರುಭೂಮಿ ಹೂಬಿಡುತ್ತದೆ, ದುಃಖವೂ ನಿಟ್ಟುಸಿರೂ ಓಡಿಹೋಗುತ್ತವೆ ಅನ್ನುವ ಭಾಗ. ಇದರಲ್ಲಿ ಆರ್ಗನ್ ಬರೀ ಹಾಡಿನ ಹಿಂದೆ ಬರುವುದಿಲ್ಲ. ಬಾಸ್ ಹಾಡುವಾಗ ಕಾಲಿನ ಪೆಡಲ್‌ಗೆ ಅದರದ್ದೇ ಆದ ನಡಿಗೆ ಇದೆ. ಇಂಗ್ಲೆಂಡಿನ ಬಹಳಷ್ಟು ಆರ್ಗನ್‌ಗಳಲ್ಲಿ ಆಗ ಸರಿಯಾದ ಪೆಡಲ್‌ಗಳೇ ಇರಲಿಲ್ಲ ಅಂದರೆ ಇದರ ಧೈರ್ಯ ಗೊತ್ತಾಗುತ್ತದೆ. ವೆಸ್ಲಿ ಇದನ್ನು ಲಂಡನ್ನಿನ ಗ್ರೆಷಮ್ ಸ್ಪರ್ಧೆಗೆ ಕಳಿಸಿದ, ಚರ್ಚ್ ಸಂಗೀತ ರಚನೆಯ ಸ್ಪರ್ಧೆ ಅದು. ತೀರ್ಪುಗಾರರು ತಳ್ಳಿಹಾಕಿದರು. ಜಾಣತನವಿದೆ, ಆದರೆ ಕೆಥೆಡ್ರಲ್ ಸಂಗೀತ ಹೀಗಿರುವುದಿಲ್ಲ ಅನ್ನುವುದು ಅವರ ಆಕ್ಷೇಪ. ಒಳ್ಳೆಯ ಚರ್ಚ್ ಸಂಗೀತವೆಲ್ಲ ಹಿಂದಿನ ಶತಮಾನಗಳಲ್ಲೇ ಮುಗಿದುಹೋಯಿತು ಅನ್ನುವ ನಂಬಿಕೆ ಆಗಿನ ಹಿರಿಯರಲ್ಲಿ ಬಲವಾಗಿತ್ತು. ಹಾಡುವವರಿಗೆ ದುಡ್ಡು ಕೊಡದಿರುವುದಕ್ಕೂ, ಹೊಸದಾಗಿ ಬರೆಯುವವನಿಗೆ ಬೆಲೆ ಕೊಡದಿರುವುದಕ್ಕೂ ಈ ನಂಬಿಕೆ ಅನುಕೂಲವಾಗಿತ್ತು ಅಂತ ನನಗನ್ನಿಸುತ್ತದೆ.

1835ರಲ್ಲಿ ವೆಸ್ಲಿ ಹೆರೆಫರ್ಡ್ ಡೀನ್ ಜಾನ್ ಮೆರಿವೆದರ್ ಅವರ ತಂಗಿ ಮೇರಿ ಆನ್‌ಳನ್ನು ಮದುವೆಯಾದ. ಅದೇ ವರ್ಷ ಎಕ್ಸೆಟರ್ ಕೆಥೆಡ್ರಲ್‌ಗೆ ಹೋದ.

ಕೆಥೆಡ್ರಲ್ ಆರ್ಗನಿಸ್ಟ್‌ನ ಹೊಟ್ಟೆಪಾಡು ಹೇಗಿತ್ತು ಅಂತ ಇಲ್ಲಿ ಹೇಳಬೇಕು. ಸಂಬಳ ಸಂಸಾರಕ್ಕೆ ಸಾಲುತ್ತಿರಲಿಲ್ಲ. ಊರಿನ ಸ್ಥಿತಿವಂತರ ಮನೆ ಮಕ್ಕಳಿಗೆ ಪಿಯಾನೊ ಪಾಠ, ಶುಲ್ಕ ಕೊಟ್ಟು ಕಲಿಯಲು ಬರುವ ಶಿಷ್ಯರು, ಬೇರೆ ಊರಲ್ಲಿ ಹೊಸ ಆರ್ಗನ್ ಉದ್ಘಾಟನೆ, ಹೀಗೆ ಅಲ್ಲಿಷ್ಟು ಇಲ್ಲಿಷ್ಟು ಕೂಡಿಸಬೇಕು. ಮೇಲೆ ಡೀನ್ ಮತ್ತು ಚಾಪ್ಟರ್, ಅಂದರೆ ಕೆಥೆಡ್ರಲ್ ನಡೆಸುವ ಹಿರಿಯ ಪಾದ್ರಿಗಳ ಮಂಡಳಿ. ಆಸ್ತಿ, ಹಣ, ನೇಮಕ ಎಲ್ಲ ಅವರ ಕೈಲಿ. ಸಂಗೀತ ಗೊತ್ತಿರುವವನು ಆಳು, ಗೊತ್ತಿಲ್ಲದವರು ಒಡೆಯರು. ಎಕ್ಸೆಟರ್‌ನಲ್ಲಿ ವೆಸ್ಲಿಗೂ ಚಾಪ್ಟರ್‌ಗೂ ಚೆನ್ನಾಗಿರಲೇ ಇಲ್ಲ. 1839ರಲ್ಲಿ ಆಕ್ಸ್‌ಫರ್ಡ್‌ನಿಂದ ಸಂಗೀತದ ಡಾಕ್ಟರೇಟ್ ಪಡೆದ. ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಪ್ರೊಫೆಸರ್ ಹುದ್ದೆಗೆ ಒಮ್ಮೆಯಲ್ಲ, ಎರಡು ಸಲ ಪ್ರಯತ್ನಿಸಿದ. ಎರಡು ಸಲವೂ ಬೇರೆಯವರಿಗೆ ಹೋಯಿತು. 1840ರಲ್ಲಿ ಇನ್ನೂ ವರ್ಷ ತುಂಬದ ಮಗಳು ತೀರಿಕೊಂಡಳು. ಎಕ್ಸೆಟರ್ ವರ್ಷಗಳಲ್ಲೇ ಬಂದದ್ದು 'ವಾಶ್ ಮಿ ಥ್ರೂಲಿ', ಬೈಬಲ್‌ನ 51ನೇ ಕೀರ್ತನೆಯ ಸಾಲುಗಳಿಗೆ. ನನ್ನ ಪಾಪವನ್ನು ಪೂರ್ತಿ ತೊಳೆದುಬಿಡು ಅನ್ನುವ ಪ್ರಾರ್ಥನೆ. ಒಂದು ಎಳೆಯ ದನಿಯಿಂದ ಶುರುವಾಗಿ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ವೆಸ್ಲಿಯ ಒಂದನ್ನೇ ಕೇಳಲು ಸಮಯವಿದೆ ಅನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಪ್ರಕರಣದ ತಿರುವು ಬರುವುದು ಲೀಡ್ಸ್‌ನಲ್ಲಿ. ಲೀಡ್ಸ್ ಉಣ್ಣೆ ಗಿರಣಿಗಳ ಊರು. ಅಲ್ಲಿ ಆಗ ಕೆಥೆಡ್ರಲ್ ಇರಲಿಲ್ಲ, ಇದ್ದದ್ದು ಪ್ಯಾರಿಷ್ ಚರ್ಚ್, ಅಂದರೆ ಊರವರ ಸಾಮಾನ್ಯ ಚರ್ಚು. ಅದರ ವಿಕಾರ್, ಅಂದರೆ ಮುಖ್ಯ ಪಾದ್ರಿ, ವಾಲ್ಟರ್ ಫಾರ್ಕರ್ ಹುಕ್ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟಿಸಿದರು. 1841ರ ಸೆಪ್ಟೆಂಬರ್ 2ರಂದು ಅದರ ಪ್ರತಿಷ್ಠೆಯಾಯಿತು. ಕೆಥೆಡ್ರಲ್‌ಗಳೇ ಕೈಚೆಲ್ಲಿದ್ದ ಕಾಲದಲ್ಲಿ ಹುಕ್ ತಮ್ಮ ಪ್ಯಾರಿಷ್ ಚರ್ಚಿನಲ್ಲಿ ಪ್ರತಿದಿನ ಹಾಡಿನ ಆರಾಧನೆ ನಡೆಯಬೇಕು ಅಂತ ಹಟ ಹಿಡಿದರು. ಹಾಡುವ ಗಂಡಸರಿಗೆ ಸಂಬಳ ಗೊತ್ತು ಮಾಡಿದರು. 1842ರಲ್ಲಿ ವೆಸ್ಲಿಯನ್ನು ವರ್ಷಕ್ಕೆ 200 ಪೌಂಡ್ ಖಾತ್ರಿ ಕೊಟ್ಟು ಕರೆಸಿಕೊಂಡರು. ಊರಿನ ವ್ಯಾಪಾರಸ್ಥರು, ವಕೀಲರು ಕೈಯಿಂದ ದುಡ್ಡು ಹಾಕಿದರು. ಹೆರೆಫರ್ಡ್‌ಗೂ ಲೀಡ್ಸ್‌ಗೂ ನಡುವೆ ಬದಲಾದದ್ದು ಏನು? ಆರ್ಗನಿಸ್ಟ್ ಅವನೇ, ದೇವರೂ ಅವನೇ. ಹಾಡುವವರಿಗೆ ಸಂಬಳವಿತ್ತು, ಮೇಲಿರುವವರಿಗೆ ಸಂಗೀತ ಬೇಕಾಗಿತ್ತು. ಅಷ್ಟೇ.

ಲೀಡ್ಸ್‌ನಲ್ಲಿ ಸುರಕ್ಷಿತವಾಗಿ ಕೂತ ವೆಸ್ಲಿ, ತಾನು ಬಿಟ್ಟು ಬಂದವರಿಗೆ ಬಿಸಿ ಮುಟ್ಟಿಸಲು ಶುರು ಮಾಡಿದ. 1845ರಲ್ಲಿ ದಿನದ ಆರಾಧನೆಯ ಪಾಠಗಳಿಗೆ ಸಂಗೀತ ಹಾಕಿದ ಅವನ 'ಇ ಮೇಜರ್ ಸರ್ವಿಸ್' ಅಚ್ಚಾದಾಗ ಅದರ ಮುನ್ನುಡಿಯಲ್ಲಿ ಕೆಥೆಡ್ರಲ್ ಸಂಗೀತದ ದುರವಸ್ಥೆಯನ್ನು ಮುಲಾಜಿಲ್ಲದೆ ಬರೆದ. 1849ರಲ್ಲಿ ಒಂದು ಕಿರುಹೊತ್ತಗೆಯನ್ನೇ ಹೊರತಂದ. ಕೆಥೆಡ್ರಲ್ ಸಂಗೀತದ ಬಗ್ಗೆ ಕೆಲವು ಮಾತು, ಜೊತೆಗೆ ಸುಧಾರಣೆಯ ಒಂದು ಯೋಜನೆ. ಸುಮ್ನೆ ಗೊಣಗಾಟ ಅಲ್ಲ, ಲೆಕ್ಕಾಚಾರ. ಒಂದು ಕೆಥೆಡ್ರಲ್‌ನಲ್ಲಿ ಪ್ರತಿದಿನ ಕನಿಷ್ಠ 12 ಗಂಡಸರು ಹಾಡಲು ನಿಲ್ಲಬೇಕು. ಯಾಕೆ 12? ಕ್ವಾಯರ್ ಎರಡು ಪಕ್ಷವಾಗಿ ಎದುರುಬದುರು ನಿಂತು ಹಾಡುತ್ತದೆ. ಪ್ರತಿ ಪಕ್ಷದಲ್ಲೂ ಆಲ್ಟೊ, ಟೆನರ್, ಬಾಸ್ ಬೇಕು. ಒಂದೊಂದು ದನಿಗೆ ಒಬ್ಬನೇ ಇದ್ದರೆ ಅವನಿಗೆ ನೆಗಡಿಯಾದ ದಿನ ಆ ದನಿಯೇ ಇಲ್ಲ, ಹಾಗಾಗಿ ಇಬ್ಬಿಬ್ಬರು. ಇದರ ಮೇಲೆ ಕಾಯಿಲೆ ಕಸಾಲೆಗೆ ಅಂತ ಇನ್ನೂ ಮೂವರು. ಅವರಿಗೆಲ್ಲ ಬದುಕಲು ಸಾಕಾಗುವ ಸಂಬಳ. ಆರ್ಗನಿಸ್ಟ್ ಅಂತ ಆರಿಸುವುದು ರಚನೆಯಲ್ಲೂ ಕ್ವಾಯರ್ ನಡೆಸುವುದರಲ್ಲೂ ಎತ್ತಿದ ಕೈ ಅನ್ನಿಸಿಕೊಂಡವನನ್ನು. ಹಣ ಎಲ್ಲಿಂದ ಅನ್ನುವ ಪ್ರಶ್ನೆಗೆ ಅವನ ಉತ್ತರ ನೇರವಾಗಿತ್ತು. ಹಣ ಕೆಥೆಡ್ರಲ್‌ಗಳಲ್ಲೇ ಇದೆ, ಸಂಗೀತಕ್ಕೆ ಬರುತ್ತಿಲ್ಲ. 1840ರ ಕಾಯ್ದೆ ಕೆಥೆಡ್ರಲ್‌ಗಳ ಹುದ್ದೆ ಕತ್ತರಿಸಿ ಆ ಆದಾಯವನ್ನು ಬೇರೆ ಕಡೆಗೆ ತಿರುಗಿಸುತ್ತಿದ್ದ ಕಾಲ ಅದು. ಈಗ ಕೇಳದಿದ್ದರೆ ಮುಂದೆ ಕೇಳಲು ಏನೂ ಉಳಿಯುವುದಿಲ್ಲ ಅನ್ನುವ ಆತಂಕ ಆ ಬರಹದ ಉದ್ದಕ್ಕೂ ಇದೆ.

ಇದರ ನಡುವೆ ಒಂದು ಅವಘಡ. ವೆಸ್ಲಿಗೆ ಮೀನು ಹಿಡಿಯುವ ಹುಚ್ಚು ವಿಪರೀತ. 1847ರ ಡಿಸೆಂಬರ್‌ನಲ್ಲಿ ಯಾರ್ಕ್‌ಷೈರ್‌ನ ರೈ ನದಿಗೆ ಗಾಳ ಹಿಡಿದು ಹೋದವನು ಬೇಲಿ ದಾಟುವಾಗ ಬಿದ್ದು ಕಾಲು ಮುರಿದುಕೊಂಡ. ಮೂಳೆ ಚರ್ಮ ಸೀಳಿ ಬಂದಿತ್ತು. ತಿಂಗಳುಗಟ್ಟಲೆ ಮಲಗಿದ. ಆಗ ಬಂದ ಆಂಥೆಮ್ 'ಕಾಸ್ಟ್ ಮಿ ನಾಟ್ ಅವೇ'. ಮತ್ತೆ ಅದೇ 51ನೇ ಕೀರ್ತನೆ, ಈ ಸಲ ನೀನು ಮುರಿದ ಮೂಳೆಗಳು ಸಂತೋಷಪಡಲಿ ಅನ್ನುವ ಸಾಲಿನ ಜೊತೆ. ಆ ಮಾತು ಬಂದಲ್ಲಿ ಸ್ವರಗಳು ಒಂದಕ್ಕೊಂದು ತಾಗಿ ನೋಯುತ್ತವೆ.

ಇಷ್ಟೆಲ್ಲ ಅನುಕೂಲವಿದ್ದ ಲೀಡ್ಸ್ ಅನ್ನು 1849ರಲ್ಲಿ ಬಿಟ್ಟ. ಗಂಡುಮಕ್ಕಳ ಓದಿಗೆ ವಿಂಚೆಸ್ಟರ್ ಕಾಲೇಜು ಹತ್ತಿರವಾಗುತ್ತದೆ ಅನ್ನುವುದು ಒಂದು ಕಾರಣ. ವಿಂಚೆಸ್ಟರ್ ಕೆಥೆಡ್ರಲ್‌ನಲ್ಲಿ 16 ವರ್ಷ ಇದ್ದ. ಇಲ್ಲಿ ವೆಸ್ಲಿಯ ಪರ ನಿಂತವರಿಗೂ ಮಾತಾಡುವುದು ಕಷ್ಟ. ಅಲ್ಲಿ ಇಚನ್ ನದಿ ಇದೆ, ಮೀನಿಗೆ ಹೆಸರಾದದ್ದು. ಲಂಡನ್‌ನಲ್ಲಿ ರಾಯಲ್ ಅಕಾಡೆಮಿಯ ಪಾಠವೂ ಇತ್ತು. ಕೆಥೆಡ್ರಲ್‌ನ ದಿನನಿತ್ಯದ ಆರಾಧನೆಗೆ ಶಿಷ್ಯರನ್ನು ಕೂರಿಸಿ ತಾನು ತಪ್ಪಿಸಿಕೊಳ್ಳುವುದು ಜಾಸ್ತಿಯಾಯಿತು. ಚಾಪ್ಟರ್ ಎಚ್ಚರಿಕೆ ಕೊಟ್ಟಿತು. ಹಾಡುವವರು ಬರುವುದಿಲ್ಲ ಅಂತ ಹೊತ್ತಗೆ ಬರೆದವನೇ ಬಾರದಿದ್ದರೆ ಹೇಗೆ ಅಲ್ವಾ? ಇದನ್ನು ಮುಚ್ಚಿಡಬಾರದು. ಆದರೆ ಒಂದು ಮಾತು ಸೇರಿಸುತ್ತೇನೆ. ಹದಿನೇಳು ವರ್ಷ ಒಂದೇ ಗೋಡೆಗೆ ತಲೆ ಚಚ್ಚಿಕೊಂಡವನು ಒಂದು ದಿನ ಕೈಬಿಡುತ್ತಾನೆ. ಸಂಸ್ಥೆಯ ಉದಾಸೀನ ಕಡೆಗೆ ಅದರ ಒಳ್ಳೆಯ ಕೆಲಸಗಾರನಿಗೂ ಅಂಟುತ್ತದೆ. ವೆಸ್ಲಿಗೆ ಅಂಟಿತು.

ಹಾಗಂತ ವಿಂಚೆಸ್ಟರ್ ವರ್ಷಗಳು ಬರಡಲ್ಲ. 'ಅಸ್ಕ್ರೈಬ್ ಅಂಟು ದ ಲಾರ್ಡ್' ಬರೆದದ್ದು ಅಲ್ಲೇ. 1851ರ ಲಂಡನ್ ಮಹಾಪ್ರದರ್ಶನಕ್ಕೆ ಹೆನ್ರಿ ವಿಲ್ಲಿಸ್ ಕಟ್ಟಿದ್ದ ದೊಡ್ಡ ಆರ್ಗನ್ 1854ರಲ್ಲಿ ವಿಂಚೆಸ್ಟರ್‌ಗೆ ಬಂತು, ವೆಸ್ಲಿಯ ಒತ್ತಾಯದಿಂದ. 1855ರಲ್ಲಿ ಲಿವರ್‌ಪೂಲ್‌ನ ಸೇಂಟ್ ಜಾರ್ಜ್ಸ್ ಹಾಲ್‌ನ ಆರ್ಗನ್‌ಗೆ ಯೋಜನೆ ಹಾಕಿಕೊಟ್ಟವನೂ, ಮೊದಲು ನುಡಿಸಿದವನೂ ಅವನೇ. ಅದನ್ನು ಹಳೇ ಪದ್ಧತಿಯಲ್ಲೇ ಶ್ರುತಿ ಮಾಡಬೇಕು ಅಂತ ಪಟ್ಟು ಹಿಡಿದಿದ್ದ. ಆ ಪದ್ಧತಿಯಲ್ಲಿ ಕೆಲವು ಶ್ರುತಿಗಳು ಬಹಳ ಶುದ್ಧವಾಗಿ, ಕೆಲವು ಅಪಸ್ವರವಾಗಿ ಬರುತ್ತವೆ. ಹೊಸ ಸಮಾನ ಶ್ರುತಿಯಲ್ಲಿ ಎಲ್ಲವೂ ಒಂದಿಷ್ಟು ಒಂದಿಷ್ಟು ರಾಜಿ. ಹಾರ್ಮೋನಿಯಂ ಮೇಲೆ ನಮ್ಮ ಹಿಂದುಸ್ತಾನಿ ಗಾಯಕರ ತಕರಾರು ಇದೇ ರಾಜಿಯ ಬಗ್ಗೆ. ವಿಚಿತ್ರವೆಂದರೆ ವೆಸ್ಲಿಯ ಸ್ವಂತ ಕೃತಿಗಳು ದೂರದೂರದ ಶ್ರುತಿಗಳಿಗೆ ಹಾರುತ್ತವೆ. ಹಳೇ ಪದ್ಧತಿಯಲ್ಲಿ ಅವೇ ಜಾಸ್ತಿ ಕೆಡುತ್ತವೆ. ಲಿವರ್‌ಪೂಲ್‌ನವರು ಆಮೇಲೆ ಆ ಆರ್ಗನ್‌ನ ಶ್ರುತಿ ಬದಲಿಸಿದರು.

1865ರಲ್ಲಿ ಗ್ಲಾಸ್ಟರ್ ಕೆಥೆಡ್ರಲ್ ತನ್ನ ಹೊಸ ಆರ್ಗನಿಸ್ಟ್ ಆಯ್ಕೆಗೆ ವೆಸ್ಲಿಯ ಸಲಹೆ ಕೇಳಿತಂತೆ. ಆ ಕೆಲಸ ತಾನೇ ತೆಗೆದುಕೊಳ್ಳುತ್ತೇನೆ ಅಂದನಂತೆ. ಅಂತೂ ಅಲ್ಲಿಗೆ ಹೋದ. ಅದು ಅವನ ಕೊನೆಯ ಊರು. ಗ್ಲಾಸ್ಟರ್, ವುಸ್ಟರ್, ಹೆರೆಫರ್ಡ್ ಮೂರೂ ಊರಿನವರು ಸರದಿಯಲ್ಲಿ ನಡೆಸುವ ಥ್ರೀ ಕ್ವಾಯರ್ಸ್ ಉತ್ಸವದಲ್ಲಿ 1871ರಲ್ಲಿ ಬಾಖ್‌ನ ಸೇಂಟ್ ಮ್ಯಾಥ್ಯೂ ಪ್ಯಾಶನ್, ಯೇಸುವಿನ ಕೊನೆಯ ದಿನಗಳ ಕಥೆಯನ್ನು ಹಾಡುವ ದೊಡ್ಡ ಕೃತಿ, ಮಾಡಿಸಿದ. ತಂದೆ ಇಟ್ಟ ಹೆಸರಿಗೆ ಸಲ್ಲಬೇಕಾದ ಕೆಲಸ. ಮರುವರ್ಷ ಭಕ್ತಿಗೀತೆಗಳ ಏಳುನೂರಕ್ಕೂ ಹೆಚ್ಚು ರಾಗಗಳ, ಅಂದರೆ ಧಾಟಿಗಳ, 'ಯುರೋಪಿಯನ್ ಸಾಮಿಸ್ಟ್' ಅನ್ನುವ ದಪ್ಪ ಪುಸ್ತಕ ಹೊರಬಂತು. ಜನರ ಬಾಯಲ್ಲಿ ಉಳಿದದ್ದು ಮಾತ್ರ ಅದಕ್ಕೂ ಮುಂಚೆ, 1864ರಲ್ಲಿ ಅಚ್ಚಾದ 'ಆರೀಲಿಯ' ರಾಗ. 'ದ ಚರ್ಚಸ್ ಒನ್ ಫೌಂಡೇಶನ್' ಹಾಡನ್ನು ಇವತ್ತಿಗೂ ಅದೇ ರಾಗದಲ್ಲಿ ಹಾಡುತ್ತಾರೆ. ಬೆಂಗಳೂರಿನ ಇಂಗ್ಲಿಷ್ ಆರಾಧನೆಗಳಿಗೆ ಹೋಗುವವರಿಗೂ ಅದು ಗೊತ್ತು, ವೆಸ್ಲಿಯ ಹೆಸರು ಗೊತ್ತಿಲ್ಲದಿದ್ದರೂ.

1873ರಲ್ಲಿ ಪ್ರಧಾನಿ ಗ್ಲಾಡ್‌ಸ್ಟನ್ ಕಡೆಯಿಂದ ಒಂದು ಪ್ರಸ್ತಾಪ ಬಂತು. ಸರ್ ಪದವಿ ಬೇಕೋ, ವರ್ಷಕ್ಕೆ 100 ಪೌಂಡ್ ಪಿಂಚಣಿ ಬೇಕೋ? ವೆಸ್ಲಿ ಪಿಂಚಣಿ ಆರಿಸಿಕೊಂಡ. ದೇಶದ ಅತಿ ದೊಡ್ಡ ಚರ್ಚ್ ಸಂಗೀತಗಾರ ಅರವತ್ತು ದಾಟಿದ ಮೇಲೂ ಗೌರವ ಬಿಟ್ಟು ದುಡ್ಡು ಆರಿಸಬೇಕಾಯಿತು ಅಂದರೆ ನನಗೆ ಈಗಲೂ ಸಂಕಟವಾಗುತ್ತದೆ. 1875ರ ಕ್ರಿಸ್ಮಸ್ ದಿನ ಕೊನೆಯ ಸಲ ಆರ್ಗನ್ ನುಡಿಸಿದ. 1876ರ ಏಪ್ರಿಲ್ 19ರಂದು ತೀರಿಕೊಂಡ. ಅವನನ್ನು ಹೂಳಿದ್ದು ಗ್ಲಾಸ್ಟರ್‌ನಲ್ಲಲ್ಲ, ಎಕ್ಸೆಟರ್‌ನಲ್ಲಿ, ಆ ಪುಟ್ಟ ಮಗಳ ಪಕ್ಕದಲ್ಲಿ.

ಅವನ ಯೋಜನೆಯನ್ನು ಅವನ ಕಾಲದ ಚಾಪ್ಟರ್‌ಗಳು ಜಾರಿಗೆ ತರಲಿಲ್ಲ. ಆದರೆ ಅದು ಆಗದ ಮಾತಾಗಿರಲಿಲ್ಲ. 1856ರಲ್ಲಿ ಪಾದ್ರಿಯೂ ಸಂಗೀತಗಾರರೂ ಆಗಿದ್ದ ಫ್ರೆಡೆರಿಕ್ ಔಸ್ಲಿ ತಮ್ಮ ಸ್ವಂತ ಹಣ ಸುರಿದು ಟೆನ್‌ಬರಿಯಲ್ಲಿ ಸೇಂಟ್ ಮೈಕಲ್ಸ್ ಕಾಲೇಜು ಕಟ್ಟಿದರು. ಪ್ರತಿದಿನದ ಹಾಡಿನ ಆರಾಧನೆ ಹೇಗಿರಬೇಕು ಅಂತ ಮಾಡಿ ತೋರಿಸಲೆಂದೇ. ಅಲ್ಲಿ ಆರ್ಗನಿಸ್ಟ್ ಆಗಿ ಪಳಗಿದ ಜಾನ್ ಸ್ಟೈನರ್ 1872ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ಗೆ ಹೋದ. ಅಲ್ಲಿನ ಕ್ವಾಯರ್ ಆಗ ಹೇಳಿಕೊಳ್ಳುವ ಹಾಗಿರಲಿಲ್ಲ. ಡೀನ್ ಮತ್ತು ಕ್ಯಾನನ್‌ಗಳು, ಅಂದರೆ ಚಾಪ್ಟರ್‌ನ ಪಾದ್ರಿಗಳು, ಅವನ ಬೆನ್ನಿಗೆ ನಿಂತರು, ಹಾಡುವವರ ಸಂಖ್ಯೆ ಹೆಚ್ಚಿಸಿದರು, ಹುಡುಗರಿಗೆ ಹೊಸ ಶಾಲೆ ಕಟ್ಟಿಸಿಕೊಟ್ಟರು. ಕೆಲವೇ ವರ್ಷದಲ್ಲಿ ಸೇಂಟ್ ಪಾಲ್ಸ್ ಉಳಿದ ಕೆಥೆಡ್ರಲ್‌ಗಳಿಗೆ ಮಾದರಿಯಾಯಿತು. ಸಂಗೀತ ರಚನೆಯಲ್ಲಿ ಸ್ಟೈನರ್ ವೆಸ್ಲಿಯ ಮಟ್ಟದವನಲ್ಲ, ಇದು ನನ್ನ ಅಭಿಪ್ರಾಯ. ಆದರೆ ಹೆರೆಫರ್ಡ್, ಎಕ್ಸೆಟರ್, ವಿಂಚೆಸ್ಟರ್‌ನಲ್ಲಿ ವೆಸ್ಲಿ ಕೇಳಿ ಕೇಳಿ ಸೋತದ್ದು ಅವನಿಗೆ ಸಿಕ್ಕಿತು.